ತಿದ್ದಿದ ಉತ್ತರ ಮರಳಿ ಬರಬೇಕು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಒಗ್ಗುವ ಆನ್‌ಲೈನ್ ಬೋಧನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಆನ್‌ಲೈನ್ ಬೋಧನೆಯ ಪ್ರಶ್ನೆ ಕೋವಿಡ್ ಜೊತೆಗೇ ಮುಗಿದಿಲ್ಲ; 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಂತೆ, ಶಾಲೆಯ ಬಾಗಿಲು ಮುಚ್ಚುವ ಸಂದರ್ಭ ಮತ್ತೆಯೂ ಬರಬಹುದು. 2020ರಲ್ಲಿ ರಾಜ್ಯ ಸರ್ಕಾರ ಜುಲೈನಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳನ್ನೂ ಆಗಸ್ಟ್‌ನಲ್ಲಿ ವಿದ್ಯಾಗಮವನ್ನೂ ಆರಂಭಿಸಿತು. ವಿದ್ಯಾಗಮವು ಮಕ್ಕಳನ್ನು ಮೊಬೈಲ್ ಇಲ್ಲದವರು, ಸಾದಾ ಮೊಬೈಲ್ ಉಳ್ಳವರು, ಸ್ಮಾರ್ಟ್‌ಫೋನ್ ಉಳ್ಳವರು ಎಂದು ವಿಂಗಡಿಸಿ, ಶಿಕ್ಷಕರನ್ನೇ ಓಣಿಗೆ ಕಳುಹಿಸಿತು. ಈ ವಿಂಗಡಣೆಯಲ್ಲಿ ಅಡಗಿದ್ದ ತಿಳಿವಳಿಕೆಯನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲವೆಂಬುದು ನನ್ನ ವಾದ. ಪಾಠ ತಲುಪಿಸುವುದು ಅರ್ಧ ಕೆಲಸ ಮಾತ್ರ. ಮಗು ಬರೆದದ್ದು ಶಿಕ್ಷಕರಿಗೆ ತಲುಪಿ, ತಿದ್ದಿಸಿಕೊಂಡು ಮರಳಿ ಬರುವುದೇ ಬೋಧನೆಯ ತಿರುಳು.

ನೇರ ಪ್ರಸಾರದ ತರಗತಿಯಲ್ಲೇ ನಿಜವಾದ ಸಂವಾದ ಸಾಧ್ಯ, ಈಗಂತೂ ಮನೆಮನೆಗೆ ಫೋನ್ ಬಂದಿದೆ ಎಂದು ಹಲವರು ಹೇಳುತ್ತಾರೆ. ಗ್ರಾಮೀಣ ಭಾರತದ ಅಸರ್ 2020ರ ಸಮೀಕ್ಷೆಯಲ್ಲಿ, ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇ. 61.8ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ನೇರ ಆನ್‌ಲೈನ್ ತರಗತಿ ದೊರೆತದ್ದು ಸುಮಾರು ಶೇ. 11ರಷ್ಟು ಮಕ್ಕಳಿಗೆ. ಮನೆಯಲ್ಲಿ ಫೋನ್ ಇರುವುದು ಬೇರೆ, ಪಾಠದ ಹೊತ್ತಿಗೆ ಅದು ಮಗುವಿನ ಕೈಯಲ್ಲಿರುವುದು ಬೇರೆ. ಕಬ್ಬಿನ ಹಂಗಾಮಿನಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋದ ಫೋನ್ ಕತ್ತಲಾದ ಮೇಲೆ ಮನೆಗೆ ಬರುತ್ತದೆ. ಆಗ ತೆರೆದು ನೋಡಬಹುದಾದ ಐದು ನಿಮಿಷದ ವಿಡಿಯೊ, ಬೆಳಗಿನ ಮುಕ್ಕಾಲು ಗಂಟೆಯ ನೇರ ತರಗತಿಗಿಂತ ಉಪಯುಕ್ತ. ಸಂವಾದವೂ ಇದರಿಂದ ಕಡಿಮೆಯಾಗದು. ಹುಡುಗಿಯೊಬ್ಬಳು 1/2 + 1/3 = 2/5 ಎಂದು ಬರೆದು ವಾಟ್ಸಾಪ್‌ನಲ್ಲಿ ಫೋಟೊ ಕಳುಹಿಸಿದಳೆನ್ನೋಣ. "ಛೇದ ಕೂಡಸಬ್ಯಾಡವಾ, ಮೊದಲ ಎರಡಕ್ಕೂ ಒಂದ ಛೇದ ಮಾಡು" ಎಂಬ ಶಿಕ್ಷಕರ ಧ್ವನಿಸಂದೇಶ ಅವಳ ತಪ್ಪಿನ ಮೂಲವನ್ನೇ ಮುಟ್ಟುತ್ತದೆ. ತಿಳಿಯದಿದ್ದರೆ ಮತ್ತೆ ಕೇಳಿಸಿಕೊಳ್ಳಬಹುದು. ಎಲ್ಲರೆದುರು ತಪ್ಪಿದೆನೆಂಬ ಅಳುಕೂ ಇಲ್ಲ.

ಸೋಂಕಿನ ಭೀತಿಯಿಂದ 2020ರ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತದ್ದನ್ನು ಅದರ ಬೋಧನಾಕ್ರಮದ ಸೋಲೆಂದು ಎಣಿಸುವುದು ಸರಿಯಲ್ಲ. ಶಿಕ್ಷಕರ ಹೊರೆಯ ಕುರಿತ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ಒಂದೊಂದು ಉತ್ತರಕ್ಕೂ ಪ್ರತ್ಯೇಕ ಸಂದೇಶ ಕಳುಹಿಸುತ್ತ ಕೂತರೆ ರಾತ್ರಿಯೇ ಮುಗಿದೀತು. ಆದರೆ ಭಿನ್ನರಾಶಿ ಕೂಡಿಸುವಾಗ ಮಕ್ಕಳು ಮಾಡುವ ತಪ್ಪುಗಳು ಬಹುಪಾಲು ಮೂರ್ನಾಲ್ಕು ಬಗೆಯವು. ತಪ್ಪಿನ ಬಗೆಗೊಂದು ಧ್ವನಿಸಂದೇಶ ಸಾಕು. ಉಳಿದ ವೇಳೆ ಫೋನೇ ಇಲ್ಲದ ಮಕ್ಕಳ ಓಣಿಗೆ ಸಲ್ಲಬೇಕು. ಅದಕ್ಕೆ ಇಲಾಖೆ ಈ ತಿದ್ದುವ ಕೆಲಸವನ್ನೂ ಓಣಿಯ ಭೇಟಿಯನ್ನೂ ಶಿಕ್ಷಕರ ವೇಳಾಪಟ್ಟಿಯಲ್ಲೇ ಬೋಧನೆಯ ಅವಧಿಯಾಗಿ ನಮೂದಿಸಬೇಕು.