ಸೊಸೈಟಿ ಸಾಲ ಕೊಟ್ಟಿತು, ಮಾರುಕಟ್ಟೆ?

ಊರಲ್ಲಿ ಸೊಸೈಟಿ ಅಂದರೆ ನಮಗೆ ಮೊದಲು ನೆನಪಾಗುವುದು ಬೆಳೆಸಾಲ, ಗೊಬ್ಬರ, ಪಡಿತರ. ನಾವೇ ಬೆಳೆದ ತರಕಾರಿಯನ್ನು ನಾವೇ ಮಾರುವ, ನಾವೇ ಕೊಳ್ಳುವ ಮಳಿಗೆ ನೆನಪಾಗುವುದು ಕಡಿಮೆ. ಇದಕ್ಕೆ ಒಂದು ಕಾರಣ ಇತಿಹಾಸದಲ್ಲೇ ಇದೆ.

1904ರಲ್ಲಿ ಬ್ರಿಟಿಷ್ ಸರ್ಕಾರ ತಂದ ಸಹಕಾರ ಕಾನೂನು ಸಾಲದ ಸಂಘಗಳಿಗೆ ಮಾತ್ರ ಸಂಬಂಧಿಸಿದ್ದು. ಬಡ್ಡಿ ಸಾಹುಕಾರರ ಕೈಯಿಂದ ರೈತರನ್ನು ಬಿಡಿಸುವುದು ಅದರ ಉದ್ದೇಶ. ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಮುಂದೆ ನಿಂತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ. ದೇಶದ ಮೊದಲ ಕೃಷಿ ಸಹಕಾರ ಸಂಘ ಎಂಬ ಹೆಸರು ನಮ್ಮ ನಾಡಿನ ಈ ಹಳ್ಳಿಯದು.

ಆದರೆ ಸಾಲ ಸಿಕ್ಕರೆ ಅರ್ಧ ದಾರಿ ಮಾತ್ರ. ಬೆಳೆದದ್ದನ್ನು ಇನ್ನೊಬ್ಬರು ಹೇಳಿದ ಬೆಲೆಗೆ ಮಾರಿದರೆ ಸಾಲ ತೀರುವುದು ಎಲ್ಲಿಂದ? 1912ರ ಹೊಸ ಕಾನೂನು ಸಾಲವಲ್ಲದ ಕೆಲಸಕ್ಕೂ ಸಂಘ ಕಟ್ಟಲು ಅವಕಾಶ ಕೊಟ್ಟಿತು. ಒಟ್ಟಾಗಿ ಮಾರುವುದು, ಒಟ್ಟಾಗಿ ಕೊಳ್ಳುವುದು ಎರಡಕ್ಕೂ ಬಾಗಿಲು ತೆರೆಯಿತು.

ಹಣ್ಣು ತರಕಾರಿಯಲ್ಲಿ ಆ ದಾರಿ ತೋರಿಸಿದ್ದು ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು. ದ್ರಾಕ್ಷಿ ಕೊಯ್ದ ಮೇಲೆ ಕಾಯುವುದಿಲ್ಲ. ಇದು ಕೊಳ್ಳುವವನಿಗೂ ಗೊತ್ತು, ಅದಕ್ಕೇ ಅವನು ಹೇಳಿದ್ದೇ ಬೆಲೆ. 1959ರಲ್ಲಿ ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಳೆಗಾರರ ಸಂಘ ಶುರುವಾಯಿತು. ಮುಂದೆ ಎಲ್ಲ ಹಣ್ಣು ತರಕಾರಿಗೂ ಹರಡಿತು. ಇಂದು ಅದನ್ನೇ ನಾವು ಹಾಪ್‌ಕಾಮ್ಸ್ ಅನ್ನುತ್ತೇವೆ.

ಕೆಲಸದ ರೀತಿ ಸರಳ. ರೈತರು ಸಂಘದ ಸದಸ್ಯರು. ಮಾಲು ಖರೀದಿ ಕೇಂದ್ರಕ್ಕೆ ಬರುತ್ತದೆ, ತೂಕವಾಗುತ್ತದೆ, ಅಲ್ಲಿಂದ ನಗರದ ಮಳಿಗೆಗಳಿಗೆ ಹೋಗುತ್ತದೆ. ಅಂದಂದಿನ ಬೆಲೆ ಸಂಘವೇ ನಿಗದಿ ಮಾಡುತ್ತದೆ. ನಡುವೆ ಕೈ ಬದಲಾಗುವುದು ಕಡಿಮೆ, ತೂಕದ ಮೇಲೆ ನಂಬಿಕೆ ಹೆಚ್ಚು.

ಹಾಗಿದ್ದರೆ ಪ್ರತಿ ಹೋಬಳಿಯಲ್ಲೂ ಇಂಥ ಮಳಿಗೆ ಏಕಿಲ್ಲ? ಏಕೆಂದರೆ ಇದು ಎರಡು ಕಡೆಯಿಂದ ಸಡಿಲವಾಗುತ್ತದೆ. ಹೊರಗೆ ಎರಡು ರೂಪಾಯಿ ಹೆಚ್ಚು ಸಿಕ್ಕ ದಿನ ನಾವು ಒಳ್ಳೆ ಮಾಲನ್ನು ಹೊರಗೆ ಹಾಕಿ, ಉಳಿದದ್ದನ್ನು ಸಂಘಕ್ಕೆ ತರುತ್ತೇವೆ. ಗಾಡಿಯಲ್ಲಿ ಎರಡು ರೂಪಾಯಿ ಕಡಿಮೆ ಇದ್ದ ದಿನ ಕೊಳ್ಳುವವರು ಅಲ್ಲಿಗೇ ಹೋಗುತ್ತಾರೆ. ಬಾಡಿದ ಸೊಪ್ಪು, ಲಾರಿ ಬಾಡಿಗೆ, ಸಂಬಳ ಮಾತ್ರ ಸಂಘದ ತಲೆ ಮೇಲೆ ಉಳಿಯುತ್ತದೆ.

ಹಾಲಿನ ಡೇರಿ ನೋಡಿ. ಹಾಲೂ ಕಾಯುವುದಿಲ್ಲ. ಆದರೂ ಎಷ್ಟೋ ಊರುಗಳಲ್ಲಿ ಡೇರಿ ನಿಂತಿದೆ. ಬೆಳಿಗ್ಗೆ ಸಂಜೆ ಹಾಲು ತಪ್ಪದೆ ಬರುತ್ತದೆ, ಎಲ್ಲರ ಕಣ್ಣೆದುರೇ ಅಳತೆಯಾಗುತ್ತದೆ, ಆ ಕಡೆ ದಿನವೂ ಕೊಳ್ಳುವವರಿದ್ದಾರೆ. ತರಕಾರಿಗೂ ಬೇಕಾದ್ದು ಇದೇ ಮೂರು.

ಸಹಕಾರ ಸಂಘದಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಹತ್ತು ಎಕರೆಯವರ ಮಾತಿಗೂ ಹತ್ತು ಗುಂಟೆಯವರ ಮಾತಿಗೂ ಅಲ್ಲಿ ಒಂದೇ ತೂಕ. ಈ ವರ್ಷದ ಸರ್ವ ಸದಸ್ಯರ ಸಭೆಗೆ ಹೋದಾಗ ಸಾಲದ ಮಾತು ಮುಗಿದ ಮೇಲೆ ಎದ್ದು ನಿಂತು ಕೇಳೋಣ: ಸಂಘದ ಕಟ್ಟಡದಲ್ಲೇ ವಾರಕ್ಕೊಂದು ದಿನ ನಮ್ಮೂರ ತರಕಾರಿಗೆ ಒಂದು ತಕ್ಕಡಿ ಇಡಬಹುದಲ್ಲವೇ? ಇಟ್ಟ ಮೇಲೆ ಮೊದಲ ಚೀಲ ನಮ್ಮದೇ ಇರಲಿ, ಮೊದಲ ಗಿರಾಕಿಯೂ ನಾವೇ ಆಗೋಣ.