ಶಾಲೆಯಿಂದ ಮನೆಗೆ: ಅಮೆರಿಕದ ಕ್ರೈಸ್ತ ಮನೆಶಿಕ್ಷಣದ ಇತಿಹಾಸ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಹೋಮ್‌ಸ್ಕೂಲಿಂಗ್ ಇಂದು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ. ಅದನ್ನು ಚಳವಳಿಯಾಗಿ ಬೆಳೆಸಿದವರಲ್ಲಿ ಸಂಪ್ರದಾಯನಿಷ್ಠ ಪ್ರಾಟೆಸ್ಟಂಟ್ ಕ್ರೈಸ್ತರದೇ ದೊಡ್ಡ ಪಾಲು. ಸಾರ್ವಜನಿಕ ಶಾಲೆ ಧರ್ಮವನ್ನೂ ಕೈಬಿಟ್ಟಿತು, ಕಲಿಕೆಯಲ್ಲೂ ಕುಸಿಯಿತು ಎಂಬುದು ಅವರ ದೂರು. ಆದರೆ ಆ ಶಾಲಾ ವ್ಯವಸ್ಥೆಯನ್ನು ಕಟ್ಟಿದವರಲ್ಲೂ ಪ್ರಾಟೆಸ್ಟಂಟರೇ ಮುಂದಿದ್ದರು.

ಮ್ಯಾಸಚೂಸೆಟ್ಸ್ ವಸಾಹತಿನ 1642ರ ಕಾನೂನು ಶಾಲೆಗಳ ಸ್ಥಾಪನೆಯನ್ನು ಕೇಳಲಿಲ್ಲ. ಮಕ್ಕಳಿಗೆ ಓದು, ಧರ್ಮದ ಮೂಲತತ್ತ್ವ ಮತ್ತು ನಾಡಿನ ಕಾನೂನುಗಳನ್ನು ತಿಳಿಸುವ ಹೊಣೆಯನ್ನು ಹೆತ್ತವರ ಮೇಲೂ ಕಸುಬು ಕಲಿಸುವ ಯಜಮಾನರ ಮೇಲೂ ಹೊರಿಸಿತು. ಐದು ವರ್ಷಗಳ ನಂತರ, 1647ರಲ್ಲಿ, ಐವತ್ತು ಮನೆಗಳಿರುವ ಊರು ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕು, ನೂರು ಮನೆಗಳಿದ್ದರೆ ಗ್ರಾಮರ್ ಶಾಲೆ ನಡೆಸಬೇಕು ಎಂಬ ಕಾನೂನು ಬಂತು. ಜನ ಬೈಬಲನ್ನು ತಾವೇ ಓದಲಾರದಂತೆ ಮಾಡುವುದು ಸೈತಾನನ ಹಳೆಯ ತಂತ್ರ, ಅದಕ್ಕೆ ಅಕ್ಷರವೇ ಮದ್ದು ಎಂಬುದು ಈ ಪ್ಯೂರಿಟನ್ನರ ವಾದವಾಗಿತ್ತು.

ತೆರಿಗೆ ಹಣದಲ್ಲಿ ಎಲ್ಲರಿಗೂ ಒಂದೇ ಬಗೆಯ ಶಾಲೆ ಎಂಬ ಕಲ್ಪನೆ ಬಲಗೊಂಡದ್ದು 19ನೆಯ ಶತಮಾನದಲ್ಲಿ. 1837ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮ್ಯಾನ್ ಅದರ ಮುಖ್ಯ ವಕ್ತಾರ. ಯಾವ ಪಂಗಡದ ಪರವೂ ವ್ಯಾಖ್ಯಾನ ಮಾಡದೆ ಬೈಬಲ್ ಓದಿಸುವುದು ಅವನು ಕಂಡುಕೊಂಡ ಮಧ್ಯಮಮಾರ್ಗ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಕೊಂಡರು. ವಲಸೆ ಬಂದ ಕ್ಯಾಥೊಲಿಕರಿಗೆ ಮಾತ್ರ ಅದು ಎದುರು ಪಂಗಡದ ಶಾಲೆಯಾಗಿಯೇ ಕಂಡಿತು. ತರಗತಿಯಲ್ಲಿ ಯಾವ ಬೈಬಲ್ ಓದಬೇಕೆಂಬ ವಿವಾದವೂ ಸೇರಿ 1844ರಲ್ಲಿ ಫಿಲಡೆಲ್ಫಿಯದಲ್ಲಿ ರಕ್ತ ಹರಿಯಿತು. ಕ್ಯಾಥೊಲಿಕರು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡರು. ಧರ್ಮದ ಕಾರಣಕ್ಕೆ ಸಾರ್ವಜನಿಕ ಶಾಲೆಯಿಂದ ದೊಡ್ಡ ಸಂಖ್ಯೆಯಲ್ಲಿ ಮೊದಲು ಹೊರನಡೆದವರು ಅವರೇ.

ಇತ್ತ ಹಾಜರಾತಿಯೂ ಕಡ್ಡಾಯವಾಗುತ್ತ ಬಂತು. 1852ರಲ್ಲಿ ಮ್ಯಾಸಚೂಸೆಟ್ಸ್ ಆರಂಭಿಸಿದ್ದನ್ನು 1918ರಲ್ಲಿ ಮಿಸಿಸಿಪ್ಪಿ ಕೊನೆಯದಾಗಿ ಅನುಸರಿಸಿತು. ಸಾರ್ವಜನಿಕ ಶಾಲೆಗೇ ಬರಬೇಕೆಂದು ಆರಿಗನ್ 1922ರಲ್ಲಿ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟ್ 1925ರ ಪಿಯರ್ಸ್ ಪ್ರಕರಣದಲ್ಲಿ ತಳ್ಳಿಹಾಕಿತು. ಮಕ್ಕಳ ಶಿಕ್ಷಣದ ದಾರಿಯನ್ನು ಆಯ್ದುಕೊಳ್ಳುವ ಹಕ್ಕು ಹೆತ್ತವರಿಗಿದೆ ಎಂಬ ಈ ತೀರ್ಪು ಮುಂದೆ ಮನೆಶಿಕ್ಷಣದ ವಕೀಲರ ಮುಖ್ಯ ಆಧಾರವಾಯಿತು. ಅಮಿಶ್ ಪಂಗಡದ ಮಕ್ಕಳು ಎಂಟನೆಯ ತರಗತಿಯ ನಂತರ ಶಾಲೆಗೆ ಹೋಗಬೇಕಿಲ್ಲ ಎಂದ 1972ರ ಯೋಡರ್ ತೀರ್ಪು ಅದಕ್ಕೆ ಜೊತೆಯಾಯಿತು.

ಪ್ರಾಟೆಸ್ಟಂಟರಿಗೂ ಸಾರ್ವಜನಿಕ ಶಾಲೆಗೂ ಇದ್ದ ನಂಟು ಸಡಿಲವಾದದ್ದು 1960ರ ದಶಕದಲ್ಲಿ. ಸರ್ಕಾರವೇ ರಚಿಸಿದ ಪ್ರಾರ್ಥನೆಯನ್ನು ಶಾಲೆಯಲ್ಲಿ ಹೇಳಿಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪಿತ್ತಿತು. ದಿನವೂ ಬೈಬಲ್ ವಚನ ಓದಿಸುವ ಪದ್ಧತಿಯನ್ನು 1963ರಲ್ಲಿ ನಿಷೇಧಿಸಿತು. ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಲು ಅಡ್ಡಿಯಿಲ್ಲ ಎಂದು ಆ ತೀರ್ಪಿನಲ್ಲೇ ಇತ್ತು. ಆದರೂ ದೇವರನ್ನೇ ಶಾಲೆಯಿಂದ ಹೊರಹಾಕಿದರು ಎಂಬ ಭಾವನೆ ಹಲವು ಕ್ರೈಸ್ತ ಕುಟುಂಬಗಳಲ್ಲಿ ಬೇರೂರಿತು. ವಿಕಾಸವಾದದ ಪಾಠ, ಲೈಂಗಿಕ ಶಿಕ್ಷಣ ಆ ಅಸಮಾಧಾನವನ್ನು ಹೆಚ್ಚಿಸಿದವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸುವುದಕ್ಕಿದ್ದ ವಿರೋಧವೂ ಅನೇಕ ಖಾಸಗಿ ಕ್ರೈಸ್ತ ಶಾಲೆಗಳ ಹುಟ್ಟಿಗೆ ಕಾರಣವಾಯಿತು.

ಕಲಿಕೆಯ ಮಟ್ಟ ಕುಸಿಯಿತೆಂಬ ಮಾತು ಇದರೊಂದಿಗೆ ಬೆರೆತುಕೊಂಡಿತು. ಕೇಂದ್ರ ಸರ್ಕಾರ ನೇಮಿಸಿದ ಆಯೋಗದ 1983ರ ವರದಿ, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಸರಾಸರಿ ಅಂಕ 1963ರಿಂದ 1980ರವರೆಗೆ ಹೆಚ್ಚುಕಡಿಮೆ ಎಡೆಬಿಡದೆ ಇಳಿದಿದೆ ಎಂದು ಎಚ್ಚರಿಸಿತು. ಡೇವಿಡ್ ಬಾರ್ಟನ್‌ನಂಥ ಕ್ರೈಸ್ತ ಲೇಖಕರು ಈ ಇಳಿಕೆಗೂ ಪ್ರಾರ್ಥನೆ ನಿಂತದ್ದಕ್ಕೂ ಗಂಟು ಹಾಕಿದರು. ಆದರೆ ಈ ಇಳಿಕೆಯನ್ನು ಪರಿಶೀಲಿಸಲು ನೇಮಕವಾದ ಸಮಿತಿ 1977ರಲ್ಲೇ ಬೇರೆ ವಿವರಣೆ ಕೊಟ್ಟಿತ್ತು. ಮೊದಲು ಆಯ್ದ ಕೆಲವರಷ್ಟೇ ಬರೆಯುತ್ತಿದ್ದ ಪರೀಕ್ಷೆಯನ್ನು ಎಲ್ಲ ವರ್ಗಗಳ ವಿದ್ಯಾರ್ಥಿಗಳೂ ಬರೆಯತೊಡಗಿದ್ದು 1970ರವರೆಗಿನ ಇಳಿಕೆಗೆ ಬಹುಪಾಲು ಕಾರಣ ಎಂಬುದು ಅದರ ನಿಲುವು.

ಮನೆಶಿಕ್ಷಣದ ಆಧುನಿಕ ಚಳವಳಿಗೆ ಆರಂಭದಲ್ಲಿ ಎರಡು ಕವಲು. ಜಾನ್ ಹೋಲ್ಟ್ ಧರ್ಮದ ಗೊಡವೆಯಿಲ್ಲದ ಶಿಕ್ಷಣ ಚಿಂತಕ. ಶಾಲೆಯ ಶಿಸ್ತು ಮಗುವಿನ ಕುತೂಹಲವನ್ನೇ ಕೊಲ್ಲುತ್ತದೆ ಎಂದ ಆತ 1977ರಲ್ಲಿ ಮನೆಶಿಕ್ಷಣಕ್ಕೆಂದೇ ಪತ್ರಿಕೆ ಆರಂಭಿಸಿದ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ, ಎಳೆಯ ಮಕ್ಕಳನ್ನು ಬೇಗನೆ ಶಾಲೆಗೆ ಸೇರಿಸುವುದು ಹಾನಿಕರ ಎಂದು ವಾದಿಸಿದರು. ಜೇಮ್ಸ್ ಡಾಬ್ಸನ್ ನಡೆಸುತ್ತಿದ್ದ ಜನಪ್ರಿಯ ಕ್ರೈಸ್ತ ರೇಡಿಯೊ ಕಾರ್ಯಕ್ರಮ ಅವರ ವಿಚಾರವನ್ನು ಮನೆಮನೆಗೆ ಮುಟ್ಟಿಸಿತು. ಮಕ್ಕಳ ಶಿಕ್ಷಣ ದೇವರು ಕುಟುಂಬಕ್ಕೆ ವಹಿಸಿದ ಕೆಲಸ, ರಾಜ್ಯದ್ದಲ್ಲ ಎಂಬ ಕಟುವಾದ ನಿಲುವನ್ನು ಆರ್.ಜೆ. ರಶ್ಡೂನಿ ಪ್ರತಿಪಾದಿಸಿದ. ಪಠ್ಯಪುಸ್ತಕಗಳನ್ನು ಕ್ರೈಸ್ತ ಪ್ರಕಾಶನಗಳು ಒದಗಿಸಿದವು. ಪಾಠ ಹೇಳುವ ಕೆಲಸ ಬಹುತೇಕ ತಾಯಂದಿರ ಪಾಲಿಗೆ ಬಂತು.

ಆಗ ಹಲವು ರಾಜ್ಯಗಳಲ್ಲಿ ಇದು ಅಪರಾಧವಾಗಿತ್ತು, ಇಲ್ಲವೇ ಕಾನೂನು ಅಸ್ಪಷ್ಟವಾಗಿತ್ತು. ದಂಡ, ಮೊಕದ್ದಮೆಗಳ ಭಯದಿಂದ ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಬಿಡದ ಮನೆಗಳಿದ್ದವು. 1983ರಲ್ಲಿ ಮೈಕಲ್ ಫ್ಯಾರಿಸ್ ಮತ್ತು ಜೆ. ಮೈಕಲ್ ಸ್ಮಿತ್ ಎಂಬ ವಕೀಲರು ಮನೆಶಿಕ್ಷಣ ಕಾನೂನು ರಕ್ಷಣಾ ಸಂಘವನ್ನು ಸ್ಥಾಪಿಸಿ ನ್ಯಾಯಾಲಯ, ಶಾಸನಸಭೆಗಳೆರಡರಲ್ಲೂ ಹೋರಾಟ ಹೂಡಿದರು. ಪ್ರಮಾಣಪತ್ರವಿರುವ ಶಿಕ್ಷಕರೇ ಕಲಿಸಬೇಕೆಂಬ ನಿಯಮವನ್ನು ಧಾರ್ಮಿಕ ಆಕ್ಷೇಪವಿರುವ ಹೆತ್ತವರ ಮೇಲೆ ಹೇರುವಂತಿಲ್ಲ ಎಂದು ಮಿಷಿಗನ್ ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಮರುವರ್ಷ ಸಂಸತ್ತಿನ ಮುಂದಿದ್ದ ಮಸೂದೆಯೊಂದರ ವಿಧಿಯಿಂದ ಇಂಥದೇ ನಿಯಮ ತಮಗೂ ಅನ್ವಯವಾದೀತೆಂಬ ಆತಂಕದಿಂದ ಈ ಕುಟುಂಬಗಳು ಮಾಡಿದ ಕರೆಗಳಿಗೆ ಅಮೆರಿಕ ಸಂಸತ್ತಿನ ದೂರವಾಣಿಗಳು ಸ್ತಬ್ಧವಾದವು. ಕೆಳಮನೆ 424–1 ಮತಗಳಿಂದ ಆ ವಿಧಿಯನ್ನು ಕೈಬಿಟ್ಟಿತು.

ಸರ್ಕಾರಿ ಸಮೀಕ್ಷೆಯ ಪ್ರಕಾರ 1999ರಲ್ಲಿ ಸುಮಾರು 8.5 ಲಕ್ಷವಿದ್ದ ಮನೆಶಿಕ್ಷಣದ ಮಕ್ಕಳು 2012ರಲ್ಲಿ 17 ಲಕ್ಷ ದಾಟಿದರು. ಕಾರಣಗಳೂ ಬದಲಾದವು. 2007ರಲ್ಲಿ ಧಾರ್ಮಿಕ ಅಥವಾ ನೈತಿಕ ಶಿಕ್ಷಣವೇ ಅತಿ ಮುಖ್ಯ ಕಾರಣ ಎಂದವರು 36%. 2016ರ ವೇಳೆಗೆ ಶಾಲೆಯ ವಾತಾವರಣ, ಅಂದರೆ ಸುರಕ್ಷತೆ, ಮಾದಕ ವಸ್ತು, ಸಹವಾಸದೋಷಗಳ ಭಯ, 34%ರೊಂದಿಗೆ ಮುಂದಿತ್ತು. ನೈತಿಕ ಶಿಕ್ಷಣವನ್ನು ಪ್ರತ್ಯೇಕವಾಗಿ ಎಣಿಸಿದ ಆ ಸಮೀಕ್ಷೆಯಲ್ಲಿ ಧಾರ್ಮಿಕ ಶಿಕ್ಷಣ ಎಂದವರು 16%. 2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ಜನಗಣತಿ ಇಲಾಖೆಯ ಸಮೀಕ್ಷೆಯಲ್ಲಿ ಮನೆಶಿಕ್ಷಣದ ಕುಟುಂಬಗಳ ಪ್ರಮಾಣ ಕೆಲವೇ ತಿಂಗಳಲ್ಲಿ 5.4%ರಿಂದ 11.1%ಕ್ಕೆ ಏರಿತು. ಕಪ್ಪು ಜನರ ಮನೆಗಳಲ್ಲಿ ಏರಿಕೆ ಇನ್ನೂ ತೀವ್ರ: 3.3%ರಿಂದ 16.1%.

ಈಗಿನ ವಿವಾದ ಮೇಲ್ವಿಚಾರಣೆಯದು. ಟೆಕ್ಸಸ್‌ನಲ್ಲಿ ಶಾಲೆಗೆ ಎಂದೂ ಸೇರದ ಮಗುವಿನ ಹೆತ್ತವರು ಸರ್ಕಾರಕ್ಕೆ ತಿಳಿಸಬೇಕಾದ ಅಗತ್ಯವೇ ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಗಳಲ್ಲಿ ದಾಖಲೆ, ಮೌಲ್ಯಮಾಪನ ಕಡ್ಡಾಯ. ಮನೆಯಲ್ಲೇ ಓದಿ ಬೆಳೆದ ಕೆಲವರು 2013ರಲ್ಲಿ ಸಂಘಟಿತರಾಗಿ, ಪಾಠವೇ ಸಿಗದ ಮಕ್ಕಳಿಗೂ ದೌರ್ಜನ್ಯಕ್ಕೆ ಸಿಕ್ಕ ಮಕ್ಕಳಿಗೂ ಕಾನೂನಿನ ರಕ್ಷಣೆ ಬೇಕೆಂದು ಕೇಳುತ್ತಿದ್ದಾರೆ. ಕೆಲವರ ತಪ್ಪಿಗಾಗಿ ಎಲ್ಲ ಹೆತ್ತವರ ಹಕ್ಕನ್ನು ಮೊಟಕುಗೊಳಿಸಬಾರದು ಎಂಬುದು ಕ್ರೈಸ್ತ ಸಂಘಟನೆಗಳ ವಾದ. ಪಿಯರ್ಸ್ ತೀರ್ಪು ಹೆತ್ತವರ ಹಕ್ಕನ್ನು ಎತ್ತಿಹಿಡಿದರೂ, ಶಾಲೆಗಳನ್ನು ತಪಾಸಣೆ ಮಾಡುವ ರಾಜ್ಯದ ಅಧಿಕಾರವನ್ನು ತೆಗೆದುಹಾಕಿರಲಿಲ್ಲ. ಆ ಅಧಿಕಾರ ಮನೆಯೊಳಗೆ ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಪ್ರತಿ ರಾಜ್ಯವೂ ತನ್ನದೇ ಗೆರೆ ಎಳೆದುಕೊಂಡಿದೆ.