ಟಸ್ಕನಿಯ ದ್ರಾಕ್ಷಿ, ಕೊಪ್ಪಳದ ಮಣ್ಣು

ಮಂಗಳೂರು ಅಂದ್ರೆ ನಿಮಗೆ ಕಡಲು ನೆನಪಾಗ್ತದ, ಹೌದಲ್ರಿ? ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲೂ ಒಂದು ಮಂಗಳೂರು ಐತಿ. ಹೆಸರು ಹೇಳಿದ ಕೂಡಲೇ ಜನರ ಮನಸ್ಸು ಬೇರೆ ಊರಿಗೆ ಹೋಗ್ತದ. ಈ ಸೀಮೆಯ ದ್ರಾಕ್ಷಿಯದೂ ಹೆಚ್ಚುಕಡಿಮೆ ಇದೇ ಕಥೆ.

🍇 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಧಾರಣಿ ಬರೆದಿಟ್ಟಿದ್ದಾನೆ: ಒಂದು ಪಣಕ್ಕೆ ದಾಳಿಂಬೆ ಹತ್ತು, ದ್ರಾಕ್ಷಿ ಮೂರೇ ಗೊಂಚಲು. ಅಂದ್ರೆ 500 ವರ್ಷದ ಹಿಂದೆಯೇ ತುಂಗಭದ್ರೆಯ ದಂಡೆಯಲ್ಲಿ ದ್ರಾಕ್ಷಿ ಮಾರಾಟಕ್ಕಿತ್ತು. ಆದರೆ ಅದು ತಿನ್ನೋ ಹಣ್ಣು.

ವೈನ್ ದ್ರಾಕ್ಷಿ ಬಂದದ್ದು ಈಚೆಗೆ. ಕೊಪ್ಪಳ ಜಿಲ್ಲೆಯ ಕೆಆರ್‌ಎಸ್‌ಎಂಎ ಎಸ್ಟೇಟ್ಸ್ ತೋಟದಲ್ಲಿ ಇವತ್ತು ಸಾಂಜೊವೇಸೆ ಬೆಳೀತದ. ಇಟಲಿಯ ಟಸ್ಕನಿಯಲ್ಲಿ ಕೆಂಪು ವೈನಿನ ಜೀವಾಳವೇ ಈ ತಳಿ. 1872ರಲ್ಲಿ ಬೆಟ್ಟಿನೊ ರಿಕಾಸೊಲಿ ಅಲ್ಲಿನ ಕಿಯಾಂತಿ ವೈನಿನ ಹದ ಹೇಳುವಾಗ, ಘಮಕ್ಕೂ ಕಸುವಿಗೂ ಸಾಂಜೊವೇಸೆ, ಅದರ ಒರಟುತನ ತಗ್ಗಿಸಲು ಕನಾಯೊಲೊ ಅಂದಿದ್ದ.

✂️ ಅಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗ್ತದ. ಕೊಯ್ಲು ಸೆಪ್ಟೆಂಬರ್-ಅಕ್ಟೋಬರಿಗೆ. ನಮ್ಮ ಬಿಸಿಲಿಗೆ ಬಳ್ಳಿಗೆ ನಿದ್ದಿನೇ ಇಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ ಬಳ್ಳಿ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬೆಳೆಸಲು, ಮಳೆ ತಗ್ಗಿದ ಮೇಲೆ ಕಾಯಿ ಹಿಡಿಸಲು. ಹಣ್ಣು ಬರೋದು ಫೆಬ್ರವರಿ-ಮಾರ್ಚ್ ಹೊತ್ತಿಗೆ. ತಳಿ ಇಟಲಿಯದು, ಪಂಚಾಂಗ ನಮ್ಮದು!

ಈಗ ಹೆಸರಿನ ಮಾತಿಗೆ ಬರೋಣ. 1716ರಲ್ಲಿ ಟಸ್ಕನಿಯ ದೊರೆ ಮೂರನೇ ಕೋಸಿಮೊ ಕಿಯಾಂತಿ ಸೇರಿ ನಾಲ್ಕು ಸೀಮೆಗಳ ಗಡಿ ಬರೆಸಿದ. ಆ ಗಡಿಯಾಚೆಯ ವೈನಿಗೆ ಆ ಹೆಸರು ಹಚ್ಚುವಂತಿಲ್ಲ ಅಂದ. ದ್ರಾಕ್ಷಿಗಿಂತ ನೆಲದ ಹೆಸರಿಗೆ ಬೆಲೆ ಬಂದದ್ದು ಹೀಗೆ.

ನಮ್ಮ ಸಾಂಜೊವೇಸೆ ಪೇಟೆಯಲ್ಲಿ ಗುರುತಾಗಿರೋದು 'ಹಂಪಿ ಹಿಲ್ಸ್' ಹೆಸರಿನಿಂದ. ಹಂಪಿ ಜಗತ್ತಿಗೇ ಗೊತ್ತು, ಮಾರಾಟಕ್ಕೆ ಅದು ಅನುಕೂಲ, ಸರಿ. ಆದರೆ ಹಂಪಿ ಇರೋದು ಹೊಳೆಯಾಚೆ, ವಿಜಯನಗರ ಜಿಲ್ಲೆಯಲ್ಲಿ. ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಗುರುತು ಐತಿ. ನಮ್ಮದೇ ಕಿನ್ನಾಳ ಗೊಂಬೆಗೂ ಐತಿ. ಬಣ್ಣ ಹಚ್ಚುವ ಕೈಗಳಿಂದ ಕಿನ್ನಾಳಕ್ಕೆ ಹೆಸರು ಬಂತು. ಚಾಟ್ನಿ ಮಾಡೋ ಕೈಗಳ ಊರಿಗೂ ಒಂದು ಹೆಸರು ಬೇಡವೇನ್ರಿ?

ಪಯಸ್ ಬರೆಯದಿದ್ದರೆ ಆ ಮೂರು ಗೊಂಚಲಿನ ಲೆಕ್ಕ ನಮಗೆ ಸಿಗ್ತಿರಲಿಲ್ಲ. ನಿಮ್ಮೂರಲ್ಲಿ ದ್ರಾಕ್ಷಿ ತೋಟ ಇದ್ರೆ ಊರು, ತಳಿ, ಚಾಟ್ನಿಯ ತಿಂಗಳು, ಈ ಸಲದ ಧಾರಣಿ ಕೆಳಗೆ ಬರೀರಿ. 👇

#ಕೊಪ್ಪಳ #ಕುಷ್ಟಗಿ #ಯಲಬುರ್ಗಾ #ಗಂಗಾವತಿ #ದ್ರಾಕ್ಷಿ #ಇತಿಹಾಸ